ಕೊಳ್ಳದೇ ಉಳಿದದ್ದು

ಲಾಹ್ತಿ ನಗರಸಭೆಯ ಕಡತದಲ್ಲಿ
ಈ ಶಾಲೆಯ ಮುನ್ನೂರ ಹನ್ನೆರಡು ಕುರ್ಚಿಯೂ ಹಸಿರು.
ನಾನು ಬಂದದ್ದು ಬಣ್ಣ ಗೀರಿ ನೋಡಲಿಕ್ಕೆ.

ಟೆಂಡರಿನಲ್ಲಿ ‘ಬಿಚ್ಚಿ ರಿಪೇರಿ ಮಾಡಬಹುದು’ ಎಂದಿತ್ತು.
ಮಗುಚಿ ಹಾಕಿದೆ:
ತಿರುಪಿನ ಜಾಗದಲ್ಲಿ ಅಂಟು.
ಇನ್ನೊಂದು. ಅದೂ ಅಂಟು.
ಬರೆದುಕೊಂಡೆ. ಹೊರಗೆ ಮೂರು ಗಂಟೆಗೇ ಕತ್ತಲು.

ನೆಲಮಾಳಿಗೆಯಲ್ಲಿ ಉಸ್ತುವಾರಿಯ ಓಯ್ವಾ
ತನಗಿಂತ ಹಳೆಯ ಕುರ್ಚಿಯೊಂದಕ್ಕೆ
ಬರ್ಚ್ ಮರದ ಕಾಲು ಕೆತ್ತಿ ಕೂರಿಸುತ್ತಿದ್ದ.
‘ಇಂಥವು ಎಷ್ಟಾದವು?’
‘ಯಾರೂ ಕೇಳಿರಲಿಲ್ಲ.’

ನನ್ನ ಕೋಷ್ಟಕದಲ್ಲಿ ಕೊಂಡದ್ದಕ್ಕೆ ಹದಿನೇಳು ಅಂಕಣ,
ಕೊಳ್ಳದೇ ಉಳಿದದ್ದಕ್ಕೆ
ಒಂದೂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಅವನ ಹೆಸರು ಗೀಚಿದೆ,
ಮೇಲಿನವರು ಅಳಿಸಿದರೆ ಅಳಿಸಲಿ.

ಕೂರಿ ಅಂದ. ಕೂತೆ.
ಕುರ್ಚಿ ಕಿರುಗುಟ್ಟಿತು, ಕುಸಿಯಲಿಲ್ಲ.
‘ಅಂಟಿನವನ್ನು ಮಾತ್ರ
ನನ್ನ ಹತ್ತಿರ ತರಬೇಡಿ,’ ಅಂದ,
ಮರದ ಪುಡಿ ಊದುತ್ತ.