ನಾನೂರ ಹದಿನೇಳನೆಯ ತಂತಿ

ವಾರಿಂಗ್ಟನ್ನಿನ ಹೊರಗೆ, ಕಾಲುವೆಯ ಪಕ್ಕದ ಶೆಡ್ಡಿನಲ್ಲಿ
ಮೂರು ವರ್ಷದಿಂದ ತಂತಿ ಸುತ್ತುತ್ತಿದ್ದೇನೆ.
ತಾಮ್ರದ್ದು; ಎರಡು ಕೂದಲು ಹೊಸೆದಷ್ಟು ದಪ್ಪ.
ಆರು ಮೀಟರಿನ ಉಕ್ಕಿನ ಚೌಕಟ್ಟಿಗೆ
ಓರೆ, ಎದುರು ಓರೆ, ಆಮೇಲೆ ನೇರ,
ಒಂದೊಂದಕ್ಕೂ ಇಪ್ಪತ್ನಾಲ್ಕು ಕಿಲೋಮೀಟರು.
ಲಿವರ್‌ಪೂಲಿಗೆ ಹೆಚ್ಚುಕಡಿಮೆ ಅಷ್ಟೇ ದೂರ.
ಎಷ್ಟು ಸಲ ಹೋಗಿ ಬಂದೆನೋ, ಶೆಡ್ಡು ಬಿಡದೆ.

ಸುತ್ತಿದ ಮೇಲೆ ಒಂದೊಂದನ್ನೂ ಮೀಟಬೇಕು.
ಸಂಗೀತಕ್ಕಲ್ಲ. ಬಿಗಿ ಎಷ್ಟೆಂದು ಕಂಪನ ಹೇಳುತ್ತದೆ,
ನಾನು ಬರೆದುಕೊಳ್ಳುತ್ತೇನೆ: ಸರಿ, ಸರಿ, ಸರಿ, ಸಡಿಲ, ಸರಿ.
ಸಡಿಲಾದದ್ದು ಚಳಿಯಲ್ಲಿ ಜೋತುಬಿದ್ದು
ನೆರೆಯದನ್ನು ಮುಟ್ಟಿದರೆ ಕೆಟ್ಟಿತು.

ಚಳಿಯೆಂದರೆ ನಮ್ಮ ಫೆಬ್ರವರಿಯಲ್ಲ.
ಸೊನ್ನೆಯಿಂದ ಕೆಳಗೆ ನೂರಾ ಎಂಬತ್ತಾರು.
ಆರ್ಗಾನ್ ಅಲ್ಲಿ ನೀರಿನಂತೆ ನಿಲ್ಲುತ್ತದೆ.
ಯಾರೊಡನೆಯೂ ಬೆರೆಯದ ಅನಿಲ; ಹೆಸರಿನ ಅರ್ಥವೇ ಸೋಮಾರಿ.
ನಮ್ಮ ಪ್ರತಿ ಉಸಿರಲ್ಲೂ ನೂರಕ್ಕೊಂದು ಪಾಲು ಅದೇ,
ಒಳಹೋಗಿ ಏನೂ ಮಾಡದೆ ಹೊರಬರುತ್ತದೆ.
ನನ್ನ ಮೊದಲ ಗಂಡನ ಹಾಗೆ ಎಂದರೆ
ವೋಯ್ಟೆಕ್‌ಗೆ ನಗೆ ತಡೆಯದು.

ಅದಕ್ಕಿಂತ ಬಿಂಕದ್ದು ನ್ಯೂಟ್ರಿನೊ.
ಊರು, ಬೆಟ್ಟ, ಭೂಮಿಯ ಹೊಟ್ಟೆ ದಾಟಿ ಹೋಗುತ್ತದೆ
ಯಾರ ಬಾಗಿಲನ್ನೂ ತಟ್ಟದೆ. ಕೋಟಿ ಕೋಟಿಯಲ್ಲೊಂದು
ಆ ಸೋಮಾರಿಯ ಪರಮಾಣುವಿಗೆ ಢಿಕ್ಕಿ ಹೊಡೆದರೆ
ಕಳಚಿಬಿದ್ದ ಎಲೆಕ್ಟ್ರಾನುಗಳು ತೇಲಿ ತೇಲಿ
ನನ್ನ ತಂತಿಗಳತ್ತ ಬರುತ್ತವೆ, ನಿಧಾನವಾಗಿ.
ನಿಧಾನವೆಂದರೆ ಒಂದು ಕಣ್ಣೆವೆಯ ನೂರನೇ ಪಾಲು.
ಇವರ ಲೆಕ್ಕದಲ್ಲಿ ಅದು ನಿಧಾನ.

ಅಜ್ಜಿ ಹೆಟ್ಟಿ ಲೀ ಪಟ್ಟಣದ ಬಟ್ಟೆ ಗಿರಣಿಯವಳು.
ಮಗ್ಗಗಳ ಅಬ್ಬರಕ್ಕೆ ಮೂವತ್ತಕ್ಕೇ ಕಿವಿ ಹೋಗಿತ್ತು.
ಅಲ್ಲಿಯ ಹೆಂಗಸರು ದನಿಯಿಲ್ಲದೆ ತುಟಿ ಅಗಲಿಸಿ ಮಾತಾಡುವರು;
ಮೂರು ಸಾಲು ಮಗ್ಗದಾಚೆಯಿಂದ ಅವಳು ಓದುವಳು
ಯಾರಿಗೆ ಬಸಿರು, ಯಾರ ಬಾಡಿಗೆ ಬಾಕಿ.
ಬಸ್ಸಿನ ಕಿಟಕಿಯಿಂದ ಬೀದಿಯ ಜಗಳ ಓದಿ
ನಮಗೆ ವರದಿ ಒಪ್ಪಿಸುವಳು, ಉಪ್ಪುಖಾರ ಹಚ್ಚಿ.

ಕಳೆದ ತಿಂಗಳು ಜಿನೀವಾದ ಪರೀಕ್ಷೆಯ ತೊಟ್ಟಿಯಿಂದ ಒಂದು ಚಿತ್ರ ಬಂತು.
ಕ್ಯಾಂಟೀನಿನ ಗೋಡೆಯ ಮೇಲೆ ತೋರಿಸಿದರು.
ಕಡುನೀಲಿಯಲ್ಲಿ ಒಂದು ಗೆರೆ ಬಂದು, ಒಡೆದು,
ಒಂದು ಕವಲು ಉದ್ದ, ಒಂದು ಪೊರಕೆಯ ಹಾಗೆ ಕೆದರಿ.
ಚಪ್ಪಾಳೆಯೋ ಚಪ್ಪಾಳೆ. ನನಗೆ ಕಂಡದ್ದು ಬೇರೆ:
ಮೇಲಿಂದ ಕೆಳಗೆ ಕೂದಲೆಳೆಯಷ್ಟು ಕತ್ತಲು,
ಗೆರೆ ಅಲ್ಲಿ ಬಂದು ತುಂಡಾಗಿತ್ತು.
ನಾನೂರ ಹದಿನೇಳು. ನನ್ನ ಪುಸ್ತಕದಲ್ಲಿದೆ:
ಎರಡು ಸಲ ಬೆಸೆದೆ, ಮೂರನೇ ಸಲ ಸರಿ ಎಂದು ಬರೆದೆ,
ಶುಕ್ರವಾರ, ಸಂಜೆ ನಾಲ್ಕೂವರೆ, ಬಸ್ಸಿನ ಹೊತ್ತು.

ವೋಯ್ಟೆಕ್ ಭುಜ ಕುಣಿಸಿದ: ಸಾವಿರಾರಲ್ಲಿ ಒಂದು ತಾನೆ,
ಅಕ್ಕಪಕ್ಕದವು ಹೇಳಿದ್ದನ್ನು ಹೊಂದಿಸಿ
ಆ ಜಾಗವನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ.

ಇರಬಹುದು. ಮಾತಿನ ನಡುವೆ ಯಾರಾದರೂ ಮುಖ ತಿರುಗಿಸಿದರೆ
ತಪ್ಪಿಹೋದದ್ದನ್ನು ಹೆಟ್ಟಿಯೂ ತಾನೇ ತುಂಬುತ್ತಿದ್ದಳು,
ಹೆಚ್ಚಿನ ಸಲ ಸರಿಯಾಗಿ.
ಒಮ್ಮೆ ಮಾತ್ರ, ತಾತನ ಬಗ್ಗೆ ಹೇಳುವಾಗ,
ಡಾಕ್ಟರು ಕಿಟಕಿಯತ್ತ ತಿರುಗಿದ್ದರು.

ಶುಕ್ರವಾರ. ಹೊಸ ಚೌಕಟ್ಟು.
ಮೀಟಿದೆ. ಇನ್ನೊಮ್ಮೆ ಮೀಟಿದೆ.
ಬಸ್ಸು ಹೋಯಿತು.