ಎರಡು ಸಾಲು ಅಂಕಿ

ಮೂವತ್ತೊಂದು ಮಕ್ಕಳಿಗೆ ಒಂಬತ್ತು ಕೋನಮಾಪಕ,
ಅದರಲ್ಲೂ ಎರಡರ ಅಂಕಿ
ಬೆರಳ ಬೆವರಿಗೆ ಅಳಿಸಿಹೋಗಿದೆ.
ಅರ್ಧ ಕೊಯ್ದ ರೊಟ್ಟಿ ಇದ್ದಂತಿದೆ ಎಂದ
ಸದಾ ಹಸಿದ ರೆನಾಟೊ.
ಕಚ್ಚಬೇಡ, ಹಾಳೆಯ ಮೇಲಿಡು, ಎಂದೆ.

ವಾಲ್ಪರೈಸೊದ ಈ ಗುಡ್ಡದ ಶಾಲೆಯಲ್ಲಿ
ನೆಲ ಎಂಬುದೇ ಒಂದು ತಕರಾರು.
ಕೈಬಿಟ್ಟ ಚೆಂಡು ಬಂದರಿನಲ್ಲಿ ಸಿಗುತ್ತದೆ.
ವಾಲಿದ ಲೋಟದೊಳಗೆ ಹಾಲು ತಾನೇ ಗೆರೆ ಎಳೆದು
ಮಟ್ಟ ಯಾವುದೆಂದು ತೋರಿಸುತ್ತದೆ.
ಇಲ್ಲಿಯ ಮಕ್ಕಳಿಗೆ ಕೋನ ಕಲಿಸುವುದೇ,
ಮೀನಿನ ಮರಿಗೆ ಈಜು? ಅಂದುಕೊಂಡಿದ್ದೆ.
ಕಲಿಸಬೇಕಾಯಿತು.

ಮೊದಲು ನಡುವಿನ ತೂತು.
ಗೆರೆಗಳೆರಡು ಕೂಡುವ ಚುಕ್ಕಿಯ ಮೇಲೇ ಅದು ಕೂರಬೇಕು,
ಕೂದಲೆಳೆ ಅತ್ತಿತ್ತ ಆಗಬಾರದು.
ಆಮೇಲೆ ಸೊನ್ನೆಯ ಗೆರೆ ಒಂದು ತೋಳಿನ ಬೆನ್ನಿಗೆ.
ಉಸಿರು ಹಿಡಿ. ಈಗ ಓದು.
ತೋಳು ಗಿಡ್ಡವಾಯಿತೇ? ಸ್ಕೇಲಿಟ್ಟು ಉದ್ದ ಮಾಡು.
ಉದ್ದ ಮಾಡಿದರೆ ಕೋನವೂ ದೊಡ್ಡದಾಗದೇ, ಎನ್ನುತ್ತಾನೆ ರೆನಾಟೊ.
ಎದ್ದು ಹೋಗಿ ತರಗತಿಯ ಬಾಗಿಲನ್ನೂ ಬೀರುವಿನ ಬಾಗಿಲನ್ನೂ
ಒಂದೇ ಅಳತೆಗೆ ತೆರೆದು ತೋರಿಸಿದೆ:
ಎಷ್ಟು ಅಗಲದ ಬಾಗಿಲೆಂದು ಕೇಳುತ್ತಿಲ್ಲ ಮಗೂ,
ಎಷ್ಟು ತೆರೆದಿದೆ, ಅಷ್ಟೇ.
ನಂಬಿದನೋ,
ಬೀರುವಿನೊಳಗಿನ ಬಿಸ್ಕತ್ತು ನೋಡಿದನೋ.

ಕಿಟಕಿಯಾಚೆ ಗುಡ್ಡದ ಲಿಫ್ಟು.
ಓರೆ ಹಳಿಯ ಮೇಲೆ ಎರಡು ಮರದ ಪೆಟ್ಟಿಗೆ,
ಒಂದು ಏರಿದರೆ ಇನ್ನೊಂದು ಇಳಿಯುತ್ತದೆ.
ಅದನ್ನು ಬರೆದು ಅಳೆಯಿರಿ ಎಂದೆ.
ಐವತ್ತು, ನಲವತ್ತೊಂಬತ್ತು, ಐವತ್ತೊಂದೂವರೆ,
ಪೆನ್ಸಿಲಿನ ಮೊನೆ ದಪ್ಪವಾದಷ್ಟೂ ಉತ್ತರ ಅಲುಗುತ್ತದೆ, ಪರವಾಗಿಲ್ಲ.
ಒತೀಲಿಯಾ ಬರೆದಳು: ನೂರ ಮೂವತ್ತು.

ನನ್ನ ಕೆಂಪು ಪೆನ್ನು ಆಗಲೇ ಮುಚ್ಚಳ ಬಿಚ್ಚಿತ್ತು.
ಇಪ್ಪತ್ತಾರು ವರ್ಷದಿಂದ ಇದೇ ತಪ್ಪು,
ಒಳಸಾಲು ಓದಬೇಕಾದಲ್ಲಿ ಹೊರಸಾಲು.
“ನೂರ ಮೂವತ್ತಾದರೆ ನಿನ್ನ ಲಿಫ್ಟು
ಬೆನ್ನಡಿಯಾಗಿ ಸಮುದ್ರಕ್ಕೆ ಬೀಳುತ್ತದಲ್ಲೇ!”
ತರಗತಿ ನಕ್ಕಿತು. ನಾನೂ ನಕ್ಕೆ.
ನಗಬಾರದಿತ್ತು.

ಅವಳು ಅಳಲಿಲ್ಲ. ಅಳಿಸಲೂ ಇಲ್ಲ.
“ಮೇಡಂ, ನಾನು ಕೂತಿರೋದು ಈ ಕಡೆ.”
ಚುಕ್ಕಿಯಿಂದ ಎಡಕ್ಕೆ, ಹಾಳೆಯ ಅಂಚಿನವರೆಗೆ
ಒಂದು ನಸುಗೆರೆ. ನಾನದನ್ನು ನೋಡಿಯೇ ಇರಲಿಲ್ಲ.
ಕೆಳಗಿನ ನಿಲ್ದಾಣದಲ್ಲಿ ಟಿಕೆಟ್ ಹರಿಯುವವಳು ಅವಳ ಚಿಕ್ಕಮ್ಮ.
ಶಾಲೆ ಬಿಟ್ಟ ಮೇಲೆ ಅಲ್ಲೇ ಇವಳ ಮನೆಪಾಠ,
ಬೆನ್ನ ಹಿಂದೆ ಹಡಗು, ಕಾಲ ಕೆಳಗೆ ಸಪಾಟು ಬೀದಿ,
ಎದುರಿಗೆ ಹಳಿ, ಆಕಾಶದ ಕಡೆ ಒರಗಿಕೊಂಡು
ಆರಾಮಕುರ್ಚಿಯ ಬೆನ್ನಿನ ಹಾಗೆ.
ಅಲ್ಲಿಂದ ನೋಡುವವರಿಗೆ ಗುಡ್ಡ
ವಿಶಾಲಕೋನ.

ಅಳೆದೆ. ನೂರ ಮೂವತ್ತೇ.
ಅವಳದ್ದೂ ನನ್ನದೂ ಕೂಡಿಸಿದರೆ
ಒಂದು ನೇರ ಗೆರೆ, ನಡೆಯಬಹುದಾದ ಬೀದಿ.
ಯಾಕೆ ಎರಡು ಸಾಲು ಅಂಕಿ ಎಂದು
ಪ್ರತಿವರ್ಷ ಯಾರೋ ಒಬ್ಬರು ಕೇಳುತ್ತಿದ್ದರು,
ಗೊಂದಲ ಬೇಡ, ಒಂದನ್ನೇ ನೋಡಿ, ಎನ್ನುತ್ತಿದ್ದೆ.

ಸಂಜೆ ಲಿಫ್ಟಿನಲ್ಲಿ ಇಳಿದೆ.
ಎಲ್ಲಿ ಕೂರುತ್ತಾಳೆ ಅವಳು, ಎಂದೆ.
ಚಿಕ್ಕಮ್ಮ ಒಂದು ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಕೊಟ್ಟಳು.
ಕೂತೆ. ನನ್ನ ಮಂಡಿ
ಲಂಬಕೋನಕ್ಕೂ ಬರಲೊಪ್ಪದ ವಯಸ್ಸಿನದು.
ತಲೆ ಎತ್ತಿದರೆ
ಹಿಂದಕ್ಕೆ ಒರಗಿದ ಗುಡ್ಡ, ಅದರ ತುದಿಯಲ್ಲಿ
ನಾನು ದೀಪ ಆರಿಸದೆ ಬಂದ ತರಗತಿ.