ಮೊದಲು ಚಾ

ಕೌಲ್ ಬಜಾರಿನ ಹಿಂದಿನ ಓಣಿ, ತಗಡಿನ ಮಾಡು,
ನಲವತ್ತು ಮಷಿನ್ನು. ಶನಿವಾರ ಸಂಜೆ
ಎರ್ರಿಸ್ವಾಮಿ ಎಂಬ ನಾನು, ಪಗಾರ ಬರೆಯುವವ,
ಜೀನ್ಸಿನ ನೀಲಿ ಧೂಳು ಕೂತ ಕ್ಯಾಲ್ಕುಲೇಟರ್ ಒರೆಸಿಕೊಂಡು
ಗುಂಡಿ ಒತ್ತುತ್ತೇನೆ.
ದಿನಕ್ಕೆ ಹತ್ತು ರೂಪಾಯಿ ಚಾ ದುಡ್ಡು,
ಅರವತ್ತು ಜಿಪ್ಪು, ಜಿಪ್ಪಿಗೆ ಆರು.
ಹತ್ತು, ಕೂಡು, ಅರವತ್ತು, ಗುಣಿಸು, ಆರು.
ನಾನೂರ ಇಪ್ಪತ್ತು.
ಎರಡು ವರ್ಷ ಹೀಗೇ ಒತ್ತಿದೆ, ಹೀಗೇ ಕೊಟ್ಟೆ,
ಗುಂಡಿಯ ಮೇಲಿನ ಆರು ಸವೆದು ಸೊನ್ನೆಯಾಗುವಷ್ಟು.

ಮೊನ್ನೆ ಮಾಲೀಕರ ಅಕ್ಕನ ಮಗ ಪಂಪನಗೌಡ
ಅದೇ ಸಾಲನ್ನು ಮೊಬೈಲಿಗೆ ಉಣಿಸಿದ.
ಮುನ್ನೂರ ಎಪ್ಪತ್ತು ಅಂತು ಅದು.
ಅವೇ ಅಂಕಿ, ಅವೇ ಚಿಹ್ನೆ.
ನಡುವಿನ ಐವತ್ತು
ಇಷ್ಟು ದಿನ ಎಲ್ಲಿಂದ ಬರುತ್ತಿತ್ತು?

"ಗುಣಾಕಾರ ಮೊದಲು ಕಣ್ರೀ! ಬೋಡ್ಮಾಸು, ಬೋಡ್ಮಾಸು!"
ಹುಡುಗ ಕೂಗಿದ್ದಕ್ಕೆ
ಮಷಿನ್ನು ನಿಲ್ಲಿಸಿ ಎದ್ದಳು ಮಾಬುನ್ನಿ:
"ಯಾರಿಗ್ರೀ ಬದ್ಮಾಶ್ ಅಂತೀರಿ?"
ನಗು ತಗಡಿಗೆ ತಾಕಿ ಕೆಳಗೆ ಬಿತ್ತು.
ನಾನು ನಗಲಿಲ್ಲ.

ಕ್ಯಾಲ್ಕುಲೇಟರು ನನ್ನ ಹಾಗೆ,
ಮುಂದೇನು ಬರುತ್ತದೋ ಎಂದು ಕಾಯುವುದಿಲ್ಲ,
ತಾಟಿಗೆ ಬಿದ್ದದ್ದನ್ನು ಬಿದ್ದ ಹಾಗೇ ನುಂಗುತ್ತದೆ.
ಮೊಬೈಲು ಪಂಚಾಯ್ತಿ ಕಟ್ಟೆಯ ಹಿರಿಯ,
ಎಲ್ಲರೂ ಆಡಿ ಮುಗಿಸುವ ತನಕ ಬಾಯಿ ಬಿಡುವುದಿಲ್ಲ.

"ಚಾ ಕುಡಿದ ಮ್ಯಾಲೆ ತಾನೆ ಕೈ ಓಡೋದು," ಅಂದಳು ಮಾಬುನ್ನಿ,
"ಮೊದಲು ಬಂದದ್ದು ಮೊದಲು ಕೂಡಬೇಕು."
ಅಂದವಳು ಹಾಗೇ ನಿಂತಳು,
ಕೈಯಲ್ಲಿನ ಅರ್ಧ ಪ್ಯಾಂಟು ತಿರುವಿ ನೋಡಿದಳು.
"ಪಾಕೀಟು ಹಚ್ಚದೆ ಪಕ್ಕ ಹೊಲಿದ್ರೆ
ಎಲ್ಲಾ ಬಿಚ್ಚಬೇಕು.
ನಿಮ್ಮ ಗುಣಾಕಾರ ಅಂದ್ರೆ ಪಾಕೀಟು ಏನ್ರೀ?"
ಹೌದೆಂದೆ.
ಆಮೇಲೆ ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ:
"ಎರಡು ವರ್ಷದ್ದು ವಾಪಸ್ ಕೇಳ್ತಾರಾ?"

ರಾತ್ರಿ ನಿದ್ದೆ ಹತ್ತಲಿಲ್ಲ. ಕರೆಂಟೂ ಇರಲಿಲ್ಲ.
ಕೋಟೆ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ಊರಿನ ಮೇಲೆ ಕಾರುತ್ತಿತ್ತು.
ಉಂಡು ಹೋಗು ಅನ್ನುತ್ತೇವೆ,
ಹೋಗುವುದು ಮೊದಲೋ ಉಣ್ಣುವುದು ಮೊದಲೋ ಎಂದು
ಯಾವ ನೆಂಟನೂ ಬಾಗಿಲಲ್ಲಿ ತಕರಾರು ತೆಗೆದಿಲ್ಲ.
ಕೂಡಿಸಿ ಗುಣಿಸು,
ಕೊನೆಯ ಆ ಒಂದು ಗುಡಿಸು ಸಾಕು
ಯಾವುದು ಹಿಂದು ಯಾವುದು ಮುಂದು ಹೇಳಲಿಕ್ಕೆ.
ಬಾಯಲ್ಲಿ ಇಲ್ಲದ ಜಗಳ
ಹಾಳೆಗೆ ಇಳಿದ ಕೂಡಲೇ ಹುಟ್ಟಿತಲ್ಲ,
ಬರಿಯ ಕಡ್ಡಿ, ಬರಿಯ ಶಿಲುಬೆ,
ಒಂದಕ್ಕೂ ಆಗಲೇ ಈಗಲೇ ಎಂಬುದಿಲ್ಲ.

ಏಳನೇ ಇಯತ್ತೆಯ ಗಣಿತದ ಮೇಷ್ಟ್ರು
ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬರೆದು ಹೇಳುತ್ತಿದ್ದರು:
ಕಂಸದೊಳಗೆ ಇದ್ದವರಿಗೇ ಕಣ್ರೋ ಮೊದಲ ಬಿಡುಗಡೆ,
ದೇವಕಿಯನ್ನು ಕೇಳಿ.
ಆಗ ಅರ್ಥವಾಗದೆ ನಕ್ಕಿದ್ದೆ.

ಮೇಣದ ಬತ್ತಿ ಹಚ್ಚಿ ರಿಜಿಸ್ಟರು ತೆಗೆದೆ.
ಪೆನ್ಸಿಲಿನಲ್ಲಿ, ಬಟ್ಟೆಗೆ ಗುಂಡುಪಿನ್ನು ಚುಚ್ಚುವಷ್ಟು ಹಗುರ,
ಹತ್ತಕ್ಕೂ ಅರವತ್ತಕ್ಕೂ ಸುತ್ತು ಒಂದು ಗೆರೆ ಆಚೆ, ಒಂದು ಈಚೆ.
ಎರಡು ವರ್ಷದ ಪ್ರತಿ ದಿನಕ್ಕೂ.
ಮಾಬುನ್ನಿ, ಗಾದಿಲಿಂಗ, ಹುಲಿಗೆಮ್ಮ, ಶೇಕ್ಷಾವಲಿ,
ಬಿಟ್ಟು ಹೋದವರಿಗೂ.
ಒಂದು ಅಂಕಿಯನ್ನೂ ತಿದ್ದಲಿಲ್ಲ.
ಇದು ಸುಳ್ಳೋ ಅಲ್ಲವೋ
ಈಗಲೂ ಗೊತ್ತಿಲ್ಲ.

ಸೋಮವಾರ ಪಂಪನಗೌಡ ಮತ್ತೆ ಮೊಬೈಲಿಗೆ ಉಣಿಸಿದ,
ಗೆರೆಗಳನ್ನೂ ಸೇರಿಸಿ.
ನಾನೂರ ಇಪ್ಪತ್ತು.
ಹುಬ್ಬು ಗಂಟಿಕ್ಕಿ ನನ್ನ ಬೆರಳ ತುದಿಯ ಕಪ್ಪು ನೋಡಿದ.
"ಇವು ಮೊದಲೇ ಇದ್ವಾ?"
ಕರೆಂಟು ಬಂತು. ನಲವತ್ತು ಮಷಿನ್ನು ಒಟ್ಟಿಗೇ ಎದ್ದವು.
ನನ್ನ ಉತ್ತರ ನನಗೂ ಕೇಳಿಸಲಿಲ್ಲ.

ಸಂಜೆ ಚೀಟಿ ಹಿಡಿದು ಮಾಬುನ್ನಿ ಕೇಳಿದಳು:
"ಇವೇನ್ರೀ, ಉಗುರು ಕತ್ತರಿಸಿದ ಚೂರಿನಂಗೆ?"
ನಿನ್ನ ಚಾ ಲೋಟದ ಎರಡು ಬದಿ ಅಂದೆ.
ಚೀಟಿಯನ್ನು ಬೆಳಕಿಗೆ ಹಿಡಿದಳು.
"ತಳ ಇಲ್ಲಲ್ರೀ ಸ್ವಾಮಿ," ಅಂದು
ಹಲ್ಲಿನಿಂದ ದಾರ ಹರಿದು
ಮುಂದಿನ ಜಿಪ್ಪಿಗೆ ಕೈ ಹಾಕಿದಳು.